ಬ್ಲೈಂಡ್ ಫೇತ್ ಸರಣಿ ಮುಗೀತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ಭಾನುವಾರ ನಮ್ಮ ಹಾಡು ಕೇಳುವ ಬಳಗದ ಬ್ಲೈಂಡ್ ಫೇತ್ ಸರಣಿ ಮುಗಿಯಿತು. ಒಂದು ವರ್ಷವೂ ಬಾಳದ, ಒಂದೇ ಆಲ್ಬಂ ಮಾಡಿದ ಇಂಗ್ಲೆಂಡಿನ ರಾಕ್ ಬ್ಯಾಂಡ್ ಇದು. ಇದರ ಮೇಲೆ ಸರಣಿ ಬೇರೆ ಮಾಡ್ತೀರಾ, ಒಂದು ಸಂಜೆಗೆ ಮುಗಿಯುತ್ತೆ ಅಂದವರೇ ಜಾಸ್ತಿ. ಕೊನೆಯ ದಿನ ಮುಂದಿನ ಸಾಲಿನಲ್ಲಿ ಕೂತವರೂ ಅವರೇ. ಮೊದಲ ಥ್ಯಾಂಕ್ಸ್ ಅವರಿಗೆ.

ಮಹಡಿಯ ಹಾಲ್ ಬಿಟ್ಟುಕೊಟ್ಟ ಚಿಕ್ಕಪ್ಪ, ಚಿಕ್ಕಮ್ಮನಿಗೆ ಎಷ್ಟು ಹೇಳಿದರೂ ಸಾಲದು. ಬೇಸ್ ಸದ್ದಿಗೆ ಅಡುಗೆಮನೆಯ ಪಾತ್ರೆ ಅದುರುತ್ತೆ ಅಂತ ಗೊಣಗುತ್ತಲೇ ಚಿಕ್ಕಮ್ಮ ಪ್ರತಿ ಸಲ ಚುರುಮುರಿ ಕಳಿಸಿದರು.

ಹಾಲ್ ಚಿಕ್ಕದು, ಗೋಡೆಗೆ ಒರಗಿ ಕೂರಬೇಕು ಅಂತ ಕೆಲವರು ಬೇಜಾರು ಮಾಡಿಕೊಂಡರು. ನನಗೇನೋ ಈ ಬ್ಯಾಂಡಿಗೆ ಅದೇ ಸರಿ ಅನ್ನಿಸಿತು. ಅವರಿಗೆ ಸಿಗದೇ ಹೋದದ್ದೇ ಚಿಕ್ಕ ಜಾಗ. 1968ರ ಕೊನೆಗೆ ಕ್ರೀಮ್ ಅನ್ನೋ ಬ್ಯಾಂಡ್ ಒಡೆದು ಅದರ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಖಾಲಿ ಇದ್ದರು. ಟ್ರಾಫಿಕ್ ಬ್ಯಾಂಡ್ ಬಿಟ್ಟು ಹಾಡುಗಾರ ಸ್ಟೀವ್ ವಿನ್‌ವುಡ್ ಕೂಡ ಖಾಲಿ. ಆಗ ಬರ್ಕ್‌ಷೈರ್‌ಗೆ ಸೇರಿದ್ದ ಆಸ್ಟನ್ ಟಿರೋಲ್ಡ್ ಅನ್ನೋ ಹಳ್ಳಿಯಲ್ಲಿ ವಿನ್‌ವುಡ್ ಅವರ ಮನೆ. ಅಲ್ಲಿ ಇಬ್ಬರೂ ಸುಮ್ನೆ ನುಡಿಸುತ್ತಾ ಕೂರುತ್ತಿದ್ದರು. ಒಂದು ದಿನ ಕ್ರೀಮ್‌ನ ಡ್ರಮ್ಮರ್ ಜಿಂಜರ್ ಬೇಕರ್ ಕೂಡ ಬಂದು ಸೇರಿಕೊಂಡರು. ಕ್ಲಾಪ್ಟನ್‌ಗೆ ಒಳಗೊಳಗೇ ಅಳುಕು, ಮತ್ತೆ ಅದೇ ಕ್ರೀಮ್ ಕಥೆ ಆಗುತ್ತೇನೋ ಅಂತ. ವಿನ್‌ವುಡ್‌ಗೆ ಮಾತ್ರ ಬೇಕರ್ ಬೇಕೇಬೇಕು. ಆಮೇಲೆ 'ಫ್ಯಾಮಿಲಿ' ಅನ್ನೋ ಬ್ಯಾಂಡಿನಿಂದ ರಿಕ್ ಗ್ರೆಕ್ ಬಂದರು, ಅಲ್ಲಿಗೆ ನಾಲ್ವರ ಬ್ಲೈಂಡ್ ಫೇತ್ ಆಯಿತು. ಬೇಸ್ ಅವರದೇ, 'ಸೀ ಆಫ್ ಜಾಯ್' ಹಾಡಿನ ಪಿಟೀಲೂ ಅವರದೇ.

ಇನ್ನಷ್ಟು ದಿನ ಆ ಹಳ್ಳಿಮನೆಯಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು, ಅಲ್ವಾ? 1969ರ ಜೂನ್ 7ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಸುಮಾರು ಒಂದು ಲಕ್ಷ ಜನರ ಮುಂದೆ ನಿಲ್ಲಿಸಿದರು. ಅದೇ ಅವರ ಮೊದಲ ಕಾರ್ಯಕ್ರಮ! ನಾವು ನೋಡಿದ ವಿಡಿಯೋದಲ್ಲಿ ಕ್ಲಾಪ್ಟನ್ ಎಷ್ಟು ಹಿಂದೆ ಸರಿದು ನಿಂತಿದ್ದರು ಅಂತ ಎಲ್ಲರೂ ಗಮನಿಸಿದಿರಿ. ಜುಲೈ 12ರಿಂದ ಅಮೆರಿಕ ಪ್ರವಾಸ, ಶುರುವಾದದ್ದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಕೈಯಲ್ಲಿದ್ದ ಹಾಡುಗಳೇ ಕಡಿಮೆ. ಜನರಿಗೆ ಬೇಕಾಗಿದ್ದದ್ದು ಹಳೇ ಕ್ರೀಮ್, ಹಳೇ ಟ್ರಾಫಿಕ್. ಅವನ್ನೂ ನುಡಿಸಬೇಕಾಯಿತು. ಕ್ಲಾಪ್ಟನ್ ಅಂತೂ ತಮ್ಮ ಕಾರ್ಯಕ್ರಮಕ್ಕೆ ಮೊದಲು ಹಾಡುತ್ತಿದ್ದ ಡಿಲೇನಿ ಅಂಡ್ ಬಾನಿ ತಂಡದ ಜೊತೆಗೇ ಜಾಸ್ತಿ ಓಡಾಡಿಕೊಂಡಿದ್ದರು. ಆಗಸ್ಟ್ 24ಕ್ಕೆ ಹವಾಯಿಯಲ್ಲಿ ಪ್ರವಾಸ ಮುಗಿಯಿತು, ಬ್ಯಾಂಡೂ ಮುಗಿಯಿತು. ತಮಾಷೆ ಅಂದರೆ, ಅದೇ ಹೊತ್ತಿಗೆ ಬಂದ ಆಲ್ಬಂ ಬ್ರಿಟನ್, ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಏರಿತು.

ಆ ಆಲ್ಬಂನ ಎಲ್ಪಿಯನ್ನೇ (ಹಳೇ ಗ್ರಾಮಫೋನ್ ತಟ್ಟೆ) ತಂದುಕೊಟ್ಟ ಹಿರಿಯರಿಗೆ ದೊಡ್ಡ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಅವರದು ಅಮೆರಿಕದ ಪ್ರತಿ. ಬ್ರಿಟನ್ನಿನ ಕವರ್ ಚಿತ್ರಕ್ಕೆ ವಿವಾದ ಎದ್ದದ್ದರಿಂದ ಅಮೆರಿಕದಲ್ಲಿ ಬ್ಯಾಂಡಿನ ಫೋಟೋ ಹಾಕಿದ್ದರು. ಎಲ್ಪಿಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಮುಳ್ಳು ಇಡುವುದಕ್ಕೆ ಮಾತ್ರ ಯಾರಿಗೂ ಬಿಡಲಿಲ್ಲ.

ಮೃದಂಗದ ಮೇಷ್ಟ್ರು ಬರದಿದ್ದರೆ ಎರಡನೇ ಸೈಡ್ ನಮಗೆ ಅರ್ಧ ದಕ್ಕುತ್ತಿರಲಿಲ್ಲ. ಬೇಕರ್ ಬರೆದ 'ಡೂ ವಾಟ್ ಯೂ ಲೈಕ್' ಸುಮಾರು ಹದಿನೈದು ನಿಮಿಷದ್ದು. ಒಬ್ಬೊಬ್ಬರದೂ ಸೋಲೋ ಇದೆ. ಶುರುವಾಗಿ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕಣ್ಣು ಮುಚ್ಚಿ ತೊಡೆ ತಟ್ಟತೊಡಗಿದರು. "ಐದರ ಲೆಕ್ಕ ಕಣ್ರೀ ಇದು. ತಕ ತಕಿಟ, ತಕ ತಕಿಟ. ಹಾಕಿ ನೋಡಿ." ಎಲ್ಲರೂ ಹಾಕಿದೆವು. ಹಿಂದೆ ಕೂತಿದ್ದ ಕಾಲೇಜು ಹುಡುಗರು ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಹಿಡಿದರು. ಡ್ರಮ್ ಸೋಲೋ ಮುಗಿದ ಮೇಲೆ ಮೇಷ್ಟ್ರು, "ಕೈ ಒರಟು, ಆದರೆ ಲೆಕ್ಕ ಬಿಡಲ್ಲ ಪುಣ್ಯಾತ್ಮ" ಅಂದರು. ಬೇಕರ್ 2019ರಲ್ಲಿ ತೀರಿಕೊಂಡರು. ಈ ಮಾತು ಕೇಳಿಸಿಕೊಂಡಿದ್ದರೆ 'ಒರಟು' ಅಂದದ್ದಕ್ಕೆ ಜಗಳಕ್ಕೇ ಬರುತ್ತಿದ್ದರು. ಸಿಟ್ಟಿಗೆ ಅಷ್ಟು ಹೆಸರುವಾಸಿ ಆಸಾಮಿ.

ಕರೆಂಟ್ ಹೋದ ದಿನ ಯುಪಿಎಸ್ ಹೊತ್ತು ತಂದ ಪಕ್ಕದ ಬೀದಿಯ ಅಣ್ಣನಿಗೆ, 'ಪ್ರೆಸೆನ್ಸ್ ಆಫ್ ದಿ ಲಾರ್ಡ್' ಹಾಡಿನ ನಡುವೆ ಗಿಟಾರ್ ಏಕ್‌ದಂ ಓಟ ಕಿತ್ತಾಗ ನಮ್ಮೆಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ ಪುಟ್ಟಿಗೆ, ಕುರ್ಚಿ ಎತ್ತಿಟ್ಟವರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಮುಂದೆ ಯಾವ ಬ್ಯಾಂಡ್ ಅಂತ ತೀರ್ಮಾನ ಆಗಿಲ್ಲ. ಕ್ರೀಮ್ ಮಾಡೋಣ ಅಂತ ಮೇಷ್ಟ್ರ ಒತ್ತಾಯ, ಟ್ರಾಫಿಕ್ ಅಂತ ಎಲ್ಪಿ ಹಿರಿಯರ ಹಟ. ಇಬ್ಬರೂ ಮಾತು ಬಿಡುವ ಮುಂಚೆ ನೀವೇ ಯಾರಾದರೂ ಹೇಳಿ. ಹಾಗೇ, ಚಿಕ್ಕಮ್ಮನ ಎರಡು ಸ್ಟೀಲ್ ಡಬ್ಬಿ ಯಾರ ಮನೆಗೋ ಹೋಗಿವೆ, ದಯವಿಟ್ಟು ವಾಪಸ್ ತಂದುಕೊಡಿ.