ಸಮಸ್ಯೆ ಆಧಾರಿತ ಕಲಿಕೆಗೆ ಬೋಧಕರೆಲ್ಲಿ?

ಮಾನ್ಯ ಸಂಪಾದಕರೇ,

ಎಂಬಿಬಿಎಸ್ ತರಗತಿಗಳಲ್ಲಿ ಉಪನ್ಯಾಸ ತಗ್ಗಿಸಿ ಸಮಸ್ಯೆ ಆಧಾರಿತ ಕಲಿಕೆಯನ್ನು ಹೆಚ್ಚಿಸಬೇಕೆಂಬ ಮಾತು, 2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಯಾದ ಮೇಲೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಸಣ್ಣ ಗುಂಪಿಗೆ ಮೊದಲು ರೋಗಿಯ ವೃತ್ತಾಂತವನ್ನು ಕೊಟ್ಟು, ಅದಕ್ಕೆ ಬೇಕಾದ ಶಾಸ್ತ್ರವನ್ನು ವಿದ್ಯಾರ್ಥಿಗಳೇ ಹುಡುಕಿ ಓದುವಂತೆ ಮಾಡಲಾಗುತ್ತದೆ.

ಇದರ ಗುಣ ಅಲ್ಲಗಳೆಯುವಂಥದ್ದಲ್ಲ. ಸೊರಬದ ಕಡೆಯ ಕೂಲಿ ಮಹಿಳೆಯೊಬ್ಬರು ಕಾಡಿನಿಂದ ದರಗು (ಒಣಗಿ ಉದುರಿದ ಎಲೆ) ತಂದ ವಾರದೊಳಗೆ ಜ್ವರ, ಮೈಕೈ ನೋವಿನಿಂದ ಬಂದಿದ್ದಾರೆಂಬ ಪ್ರಕರಣ ಕೊಟ್ಟರೆ, ಅದು ಡೆಂಗಿಯೋ, ಇಲಿಜ್ವರವೋ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯೋ ಎಂದು ವಾದಿಸುತ್ತಲೇ ವಿದ್ಯಾರ್ಥಿಗಳು ಉಣುಗಿನ ಜೀವನಚಕ್ರ, ವೈರಾಣು, ಪ್ಲೇಟ್‌ಲೆಟ್ ಇಳಿಕೆ ಮೂರನ್ನೂ ಒಟ್ಟಿಗೆ ಓದುತ್ತಾರೆ. ಊರ ಸುತ್ತ ಮಂಗ ಸತ್ತಿತ್ತೇ ಎಂದು ಕೇಳುವುದನ್ನೂ ಕಲಿಯುತ್ತಾರೆ.

ಆದರೆ ಅಂಗರಚನಾಶಾಸ್ತ್ರದಂತಹ ವಿಷಯವನ್ನು ಹೀಗೆ ಬಿಡಿಬಿಡಿಯಾಗಿ ಓದಿದರೆ ಬುನಾದಿ ಸಡಿಲವಾಗುವ ಭಯವಿದೆ. 150 ವಿದ್ಯಾರ್ಥಿಗಳನ್ನು ಹತ್ತರ ಗುಂಪುಗಳಾಗಿ ಹಂಚಿದರೆ ಏಕಕಾಲಕ್ಕೆ 15 ಮಾರ್ಗದರ್ಶಕರು, 15 ಕೊಠಡಿಗಳು ಬೇಕು. ಬೋಧಕ ಹುದ್ದೆಗಳು ಖಾಲಿ ಇರುವ ಕಡೆ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ ಹಾಜರಿ ಹಾಕಿಸಿದರೆ, ಅದು ಕಾಗದದ ಮೇಲಷ್ಟೇ ಕಲಿಕೆ. ಜೊತೆಗೆ, ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಇಂಗ್ಲಿಷ್ ಚರ್ಚೆಯಲ್ಲಿ ತುಟಿ ಬಿಚ್ಚದೆ ಕುಳಿತಿರುವುದನ್ನು ಬೋಧಕನಾಗಿ ಕಂಡಿದ್ದೇನೆ (ಅದೇ ಮಕ್ಕಳು ವಾರ್ಡಿನಲ್ಲಿ ರೋಗಿಯೊಡನೆ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಾರೆ).

ಆದ್ದರಿಂದ ಮೊದಲ ವರ್ಷದ ಉಪನ್ಯಾಸಗಳನ್ನು ಉಳಿಸಿಕೊಂಡು, ಎರಡನೇ ವರ್ಷದಿಂದ ವಾರಕ್ಕೊಂದು ಪ್ರಕರಣವನ್ನಷ್ಟೇ ಆರಂಭಿಸಿ, ಚರ್ಚೆಯಲ್ಲಿ ಕನ್ನಡಕ್ಕೂ ಅವಕಾಶ ಕೊಡುವುದು ಸದ್ಯಕ್ಕೆ ಕಾರ್ಯಸಾಧ್ಯ.

– ನಿವೃತ್ತ ವೈದ್ಯಕೀಯ ಬೋಧಕ, ಶಿವಮೊಗ್ಗ