ಫೋಮ್ ಟೆರೇನ್: ಕೆತ್ತನೆಗೆ ಸಿಗುವ ಗಮನ ಕವಚಕ್ಕೂ ಸಿಗಲಿ

ಮಾನ್ಯ ಸಂಪಾದಕರೇ,

ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುವ ಮಿನಿಯೇಚರ್ ಆಟಗಳಿಗಾಗಿ ಗುಡ್ಡ, ಕೋಟೆಗೋಡೆ, ಪಾಳುಮನೆ, ಸೇತುವೆಗಳನ್ನು ಫೋಮ್‌ನಲ್ಲಿ ಕೆತ್ತಿ ಮಾಡುವುದನ್ನು ಕಲಿಸುವ ಬರಹಗಳೂ ವಿಡಿಯೊಗಳೂ ಈಗ ಧಾರಾಳವಾಗಿ ಸಿಗುತ್ತವೆ. ಕಲ್ಲುಗಳ ನಡುವಿನ ಸಂದು ಹೇಗೆ ಕೊರೆಯಬೇಕು, ಗೋಡೆಯ ಬುಡಕ್ಕೆ ಪಾಚಿಯ ಬಣ್ಣ ಹೇಗೆ ತರಬೇಕು ಎಂಬುದನ್ನು ಅವು ಬಹಳ ಚೆನ್ನಾಗಿ ಹೇಳಿಕೊಡುತ್ತವೆ. ಆದರೆ ಮಾಡಿದ ವಸ್ತು ಬಾಳಿಕೆ ಬರಲು ಏನು ಮಾಡಬೇಕೆಂಬ ಮಾತು ಬಂದಾಗ, 'ಕೊನೆಗೆ ವಾರ್ನಿಷ್ ಹಚ್ಚಿ' ಎಂಬ ಒಂದು ಸಾಲಿನಲ್ಲಿ ವಿಷಯ ಮುಗಿದುಹೋಗುತ್ತದೆ. ಟೆರೇನ್, ಅಂದರೆ ಆಟದ ಮೇಜಿನ ಮೇಲಿನ ಈ ಭೂದೃಶ್ಯ, ಗಾಜಿನ ಕಪಾಟಿನಲ್ಲಿಟ್ಟು ನೋಡುವ ಮಾದರಿಯಲ್ಲ. ಅದನ್ನು ಹತ್ತು ಜನ ಎತ್ತಿಡುತ್ತಾರೆ, ಅದರ ಮೇಲೆ ಲೋಹದ ಗೊಂಬೆಗಳು ಬೀಳುತ್ತವೆ, ಡಬ್ಬಿಯಲ್ಲಿ ಒಂದರ ಮೇಲೊಂದು ಪೇರಿಸುವಾಗ ಅದರ ಮೂಲೆಗಳು ತಿಕ್ಕಾಡುತ್ತವೆ. ಹಾಗಾಗಿ ಅದಕ್ಕೆ ಹಾಕುವ ದುಡಿಮೆಯಲ್ಲಿ ಅರ್ಧದಷ್ಟಾದರೂ ತಳಹಲಗೆಗೂ ಹೊರಕವಚಕ್ಕೂ ಸಲ್ಲಬೇಕೆಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಬಿಳಿ ಥರ್ಮೋಕೋಲ್ ಮತ್ತು ನೀಲಿ ಅಥವಾ ಗುಲಾಬಿ ಬಣ್ಣದಲ್ಲಿ ಬರುವ ಎಕ್ಸ್‌ಪಿಎಸ್ ಹಲಗೆ, ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದಲೇ ಆದವು. ಥರ್ಮೋಕೋಲ್‌ನಲ್ಲಿ ಉಬ್ಬಿದ ಮಣಿಗಳನ್ನು ಹಬೆಯಲ್ಲಿ ಬೆಸೆದಿರುವುದರಿಂದ ಚಾಕು ತಾಗಿದ ಕಡೆಯೆಲ್ಲ ಮಣಿಗಳು ಕಿತ್ತು ಬರುತ್ತವೆ. ಎಕ್ಸ್‌ಪಿಎಸ್‌ನಲ್ಲಿ ಕರಗಿದ ಪ್ಲಾಸ್ಟಿಕ್ಕಿಗೆ ಅನಿಲ ಬೆರೆಸಿ ಅಚ್ಚಿನ ಬಾಯಿಂದ ಒತ್ತಿ ತೆಗೆದಿರುತ್ತಾರೆ. ಅದರೊಳಗೆ ಒಂದೇ ಸಮನಾದ ಸೂಕ್ಷ್ಮ ಗೂಡುಗಳಿರುವುದರಿಂದ ಪೆನ್ಸಿಲಿನ ಮೊನೆಯಲ್ಲಿ ಒತ್ತಿ ಎಳೆದ ಗೆರೆಯೂ ಸ್ವಚ್ಛವಾಗಿ ನಿಲ್ಲುತ್ತದೆ. ಕಟ್ಟಡಗಳ ಶಾಖನಿರೋಧಕ್ಕೆಂದು ತಯಾರಾಗುವ ಸಾಮಾನ್ಯ ಎಕ್ಸ್‌ಪಿಎಸ್ ಹಲಗೆಯು ತನ್ನ ದಪ್ಪದ ಶೇ 10ರಷ್ಟು ಕುಗ್ಗುವ ಮೊದಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2ರಿಂದ 3 ಕಿಲೊ ಭಾರವನ್ನು ತಡೆಯಬಲ್ಲದು. ಕೇಳಲು ಇದು ದೊಡ್ಡ ಸಂಖ್ಯೆಯೇ ಆದರೂ ಉಗುರಿನ ತುದಿಯಾಗಲಿ, ಬಿದ್ದ ಗೊಂಬೆಯ ಕೈಯಲ್ಲಿರುವ ಈಟಿಯಾಗಲಿ ತಾಗುವುದು ಒಂದೆರಡು ಚದರ ಮಿಲಿಮೀಟರಿನಷ್ಟು ಜಾಗಕ್ಕೆ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಇಪ್ಪತ್ತರಿಂದ ಅರವತ್ತು ಗ್ರಾಮ್‌ನಷ್ಟು ಭಾರ ಬಿದ್ದರೂ ಗುಳಿಯಾಗುತ್ತದೆ. ಎಂಥ ಒಳ್ಳೆಯ ಫೋಮ್ ತಂದರೂ ಬರಿಮೈಯಲ್ಲಿ ಅದು ಆಟಕ್ಕೆ ತಾಳುವುದಿಲ್ಲ.

ತಳಹಲಗೆಯ ವಿಷಯದಲ್ಲಿ 3 ಮಿಲಿಮೀಟರ್ ದಪ್ಪದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸಾಕು. 30 ಸೆಂಟಿಮೀಟರ್ ಚದರದ, 5 ಸೆಂಟಿಮೀಟರ್ ಎತ್ತರದ ಫೋಮ್ ಗುಡ್ಡದ ತೂಕ ಸುಮಾರು 150 ಗ್ರಾಮ್. ಅಷ್ಟೇ ಅಗಲದ ಎಂಡಿಎಫ್ ತುಂಡು ಅದಕ್ಕಿಂತ ಹೆಚ್ಚು ತೂಗುತ್ತದೆ. ಭಾರವೆಲ್ಲ ಕೆಳಗೆ ಕೂರುವುದರಿಂದ ತೋಳು ತಾಗಿದರೂ ಗುಡ್ಡ ಜಾರುವುದಿಲ್ಲ. ಫೋಮನ್ನು ಹಲಗೆಯ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ಕೂರಿಸಿದರೆ ಡಬ್ಬಿಯೊಳಗಿನ ಹೊಡೆತಗಳೆಲ್ಲ ಮರದ ಅಂಚಿಗೆ ಬೀಳುತ್ತವೆ. ಆ ಅಂಚನ್ನು ಓರೆಯಾಗಿ ಉಜ್ಜಿದರೆ ನೋಟಕ್ಕೂ ತೊಡಕಾಗದು. ಒಂದೇ ಮುಖಕ್ಕೆ ನೀರು ಬೆರೆತ ಅಂಟು ಹಚ್ಚಿದರೆ ಹಲಗೆ ಬಾಗುತ್ತದೆ, ಏನೂ ಬಳಿಯದ ಅಂಚು ನೀರು ಕುಡಿದು ಉಬ್ಬುತ್ತದೆ. ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ಎರಡೂ ಮುಖಗಳಿಗೆ ಮತ್ತು ಅಂಚಿಗೆ ಬಣ್ಣವನ್ನೋ ವಾರ್ನಿಷನ್ನೋ ಬಳಿದು ಒಣಗಿಸಬೇಕು.

ಪದರಗಳನ್ನು ಕೂಡಿಸಲು ಬಡಗಿಗಳು ಬಳಸುವ ಬಿಳಿ ಅಂಟೇ ಒಳ್ಳೆಯದು, ಆದರೆ ಅದನ್ನು ನಂಬಿ ಅವಸರಪಡುವಂತಿಲ್ಲ. ಈ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರು ಆರಿದ ಮೇಲೆ. ಎಕ್ಸ್‌ಪಿಎಸ್ ನೀರನ್ನು ಒಳಬಿಡದ ಕಾರಣ ಎರಡು ಅಗಲ ಹಲಗೆಗಳ ನಟ್ಟನಡುವಿನ ಅಂಟು ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಲ್ಲಿ ಬಿದಿರಿನ ಕಡ್ಡಿಗಳನ್ನು ಓರೆಯಾಗಿ ಎಲ್ಲ ಪದರಗಳ ಮೂಲಕ ಚುಚ್ಚಿಬಿಟ್ಟರೆ ಅಲ್ಲಿಯವರೆಗೂ, ಅದರ ನಂತರವೂ, ಪದರಗಳು ಸರಿಯದಂತೆ ಅವೇ ಹಿಡಿದಿಡುತ್ತವೆ. ಕಂಬ, ಕಟಕಟೆ, ತೆಳು ಕಮಾನುಗಳಂಥ ಭಾಗಗಳನ್ನು ಫೋಮ್‌ನಲ್ಲಿ ಮಾಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ಮರದ ಕಡ್ಡಿ, ತಂತಿ, ಪ್ಲಾಸ್ಟಿಕ್ ಇರುವಾಗ ಮುರಿಯಲಿಕ್ಕೇ ಮಾಡಿದಂತಿರುವ ಕಂಬ ಯಾರಿಗೆ ಬೇಕು?

ಎಲ್ಲಕ್ಕಿಂತ ಮುಖ್ಯವಾದ ಕವಚದ ವಿಷಯಕ್ಕೆ ಬರುತ್ತೇನೆ. ಮುದುಡಿದ ಅಲ್ಯೂಮಿನಿಯಂ ಹಾಳೆಯ ಉಂಡೆಯನ್ನು ಗೋಡೆಯ ಮೇಲೆ ಹೊರಳಿಸಿ ಕಲ್ಲಿನ ತರಿ ಮೂಡಿಸಿದ ಕೂಡಲೇ ಬಣ್ಣಕ್ಕೆ ಕೈಹಾಕುವುದು ವಾಡಿಕೆ. ಅದಕ್ಕೆ ಮುಂಚೆ ಚೂಪು ಅಂಚುಗಳನ್ನು ಬೆರಳಿನಿಂದಲೋ ಸ್ಯಾಂಡ್‌ಪೇಪರ್‌ನಿಂದಲೋ ಸ್ವಲ್ಪ ಮೊಂಡಾಗಿಸಬೇಕು. ದ್ರವರೂಪದ ಯಾವ ಲೇಪವೂ ಚೂಪು ಅಂಚಿನಿಂದ ಹಿಂದೆ ಸರಿದು ಅಲ್ಲಿ ತೀರ ತೆಳುವಾಗುತ್ತದೆ. ಹೊಡೆತ ಮೊದಲು ಬೀಳುವುದೂ ಅಲ್ಲೇ. ಬಿಳಿ ಅಂಟು, ನೀರಿನಲ್ಲಿ ಕರಗುವ ಕಪ್ಪು ಅಥವಾ ಕಂದು ಅಕ್ರಿಲಿಕ್ ಬಣ್ಣ, ಜೊತೆಗೆ ಗೋಡೆಗೆ ಹಚ್ಚುವ ನುಣುಪು ಪುಟ್ಟಿ ಸ್ವಲ್ಪ ಸೇರಿಸಿ, ಕುಂಚದಿಂದ ಎತ್ತಿದರೆ ನಿಧಾನವಾಗಿ ಇಳಿಯುವಷ್ಟು ಗಟ್ಟಿಯಾಗಿ ಕಲಸಿಕೊಳ್ಳಬೇಕು. ಪುಟ್ಟಿ ಹೆಚ್ಚಾದರೆ ಕವಚ ಬಿರುಕು ಬಿಡುತ್ತದೆ, ಅಂಟು ಹೆಚ್ಚಾದರೆ ಕೆತ್ತಿದ ಗೆರೆಗಳು ಮುಚ್ಚಿಹೋಗುತ್ತವೆ. ಹದ ಕೈಗೆ ಸಿಗುವವರೆಗೆ ಚೂರು ಫೋಮಿನ ಮೇಲೆ ಹಚ್ಚಿ ನೋಡುವುದು ಲೇಸು. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿಸಿ, ಹಚ್ಚಬೇಕು. ಕವಚದಲ್ಲೇ ಗಾಢ ಬಣ್ಣ ಬೆರೆತಿರುವುದರಿಂದ ಇನ್ನೊಂದು ಲಾಭವೂ ಉಂಟು: ಮುಂದೆ ಎಲ್ಲಾದರೂ ಮೇಲ್ಬಣ್ಣ ಉಜ್ಜಿಹೋದರೆ ಕಪ್ಪು ನೆರಳು ಕಾಣುತ್ತದೆಯೇ ಹೊರತು ಒಳಗಿನ ನೀಲಿ ಹಲ್ಲು ಕಿಸಿಯುವುದಿಲ್ಲ.

ನೆಲಕ್ಕೆ ಮರಳು ಅಂಟಿಸುವವರು ಅದು ಒಣಗಿದ ಮೇಲೆ ನೀರಾಗಿಸಿದ ಅಂಟನ್ನು ಮತ್ತೊಮ್ಮೆ ಮೇಲಿಂದ ಹನಿಸಬೇಕು. ಪಾತ್ರೆ ತೊಳೆಯುವ ಸಾಬೂನಿನ ಒಂದು ತೊಟ್ಟು ಬೆರೆಸಿದರೆ ಅಂಟು ಗುಂಡಾಗಿ ನಿಲ್ಲದೆ ಹರಳುಗಳ ನಡುವೆ ಇಳಿಯುತ್ತದೆ. ಹೀಗೆ ಮಾಡದ ಮರಳು ಪ್ರತಿ ಆಟದಲ್ಲೂ ಉದುರುವುದಷ್ಟೇ ಅಲ್ಲ, ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿದ ಗೊಂಬೆಗಳ ಮೈಯನ್ನೂ ಗೀರುತ್ತದೆ. ಬಿಳಿ ಅಂಟು ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುವ ಗುಣದ್ದಾದ್ದರಿಂದ ಎಲ್ಲದರ ಮೇಲೆ ನೀರು ಆಧಾರಿತ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ವಾರ್ನಿಷ್ ಬೇಕೇ ಬೇಕು. ವಾರ್ನಿಷ್ ಹಚ್ಚಿ ಎಂಬ ಸಲಹೆ ತಪ್ಪಲ್ಲ. ಕೆಳಗೆ ಕವಚವಿಲ್ಲದೆ ಅದೊಂದೇ ನಿಲ್ಲಲಾರದು ಎಂಬುದಷ್ಟೇ ನನ್ನ ತಕರಾರು.

ಸ್ಪ್ರೇ ಪೇಂಟ್ ಬಗ್ಗೆ ಎಚ್ಚರಿಕೆ ಬಹಳ ಕಡೆ ಬಂದಿದೆಯಾದರೂ ಕಾರಣ ತಿಳಿದಿದ್ದರೆ ಉಳಿದ ಅಪಾಯಗಳನ್ನೂ ಗುರುತಿಸಬಹುದು. ಅಸಿಟೋನ್, ಟೊಲುಯೀನ್, ಜೈಲೀನ್‌ಗಳಂಥ ದ್ರಾವಕಗಳು ಪಾಲಿಸ್ಟೈರೀನನ್ನು ಕರಗಿಸುತ್ತವೆ. ಡಬ್ಬಿಯ ಬಣ್ಣದಲ್ಲಿ ಅವು ಇರುವುದರಿಂದ ಕವಚ ತಪ್ಪಿಹೋದ ಒಂದು ಸಣ್ಣ ಸಂದು ಸಿಕ್ಕಿದರೂ ಅಲ್ಲಿಂದ ಒಳಹೊಕ್ಕು ಹೊರಗಿನ ಸಿಪ್ಪೆ ಹಾಗೇ ಇರುವಂತೆ ಒಳಗಿನ ತಿರುಳನ್ನು ಟೊಳ್ಳು ಮಾಡಿಬಿಡುತ್ತವೆ. ಗಟ್ಟಿತನಕ್ಕೆಂದು ರಾಳ ಸುರಿಯುವವರು ಇನ್ನೊಂದನ್ನು ಗಮನಿಸಬೇಕು: ಸಾಮಾನ್ಯ ಪಾಲಿಯೆಸ್ಟರ್ ರಾಳದಲ್ಲಿ ಸ್ಟೈರೀನ್ ಇರುವುದರಿಂದ ಅದು ಫೋಮನ್ನು ತಿಂದುಹಾಕುತ್ತದೆ, ದ್ರಾವಕ ಬೆರೆಸದ ಎಪಾಕ್ಸಿ ಹಾಗೆ ಮಾಡುವುದಿಲ್ಲ. ಕೊಳದ ನೀರು ತೋರಿಸಲು ಎಪಾಕ್ಸಿ ಸುರಿಯುವಾಗಲೂ ಒಂದೇ ಸಲಕ್ಕೆ ದಪ್ಪಗೆ ಸುರಿದರೆ ಅದು ಗಟ್ಟಿಯಾಗುವಾಗಿನ ಬಿಸಿಗೆ ಕೆಳಗಿನ ಫೋಮ್ ಮೆತ್ತಗಾಗಬಹುದು.

ಬಿಸಿ ತಂತಿಯಿಂದ ಕತ್ತರಿಸುವ ಕುರಿತು ಬರೆಯುವವರು ಹೊಗೆಯ ವಿಚಾರವನ್ನು ಹಗುರವಾಗಿ ನೋಡಬಾರದು. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗುತ್ತದೆ. ಅವಸರಕ್ಕೆ ನಿಕ್ರೋಮ್ ತಂತಿಯನ್ನು ಕೆಂಪಗೆ ಕಾಯಿಸಿದರೆ ಅದು ವಿಘಟನೆಗೊಂಡು ಸ್ಟೈರೀನ್ ಆವಿ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2018ರಲ್ಲಿ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿದೆ. ತಂತಿಯ ಶಾಖ ಕಡಿಮೆ ಇರಲಿ, ಗಾಳಿ ಆಡುವ ಜಾಗವಿರಲಿ, ಮುಖಕ್ಕೆ ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್‌ನ ಮಾಸ್ಕ್ ಇರಲಿ. ದೂಳು ತಡೆಯುವ ಬಟ್ಟೆಯ ಮಾಸ್ಕಿನಿಂದ ಈ ಆವಿ ನಿಲ್ಲುವುದಿಲ್ಲ. ಕೆಡವಿದ ಕಟ್ಟಡದಿಂದ ಪುಕ್ಕಟೆ ಸಿಕ್ಕ ಹಳೆಯ ಹಲಗೆಗಳ ಮೋಹವೂ ಬೇಡ. ಅವುಗಳಲ್ಲಿ ಬೆಂಕಿ ತಡೆಯಲೆಂದು ಹೆಕ್ಸಾಬ್ರೋಮೋಸೈಕ್ಲೋಡೋಡೆಕೇನ್ ಬೆರೆಸಿರುವ ಸಾಧ್ಯತೆಯಿದೆ. ಬಹುಕಾಲ ನಾಶವಾಗದೆ ಉಳಿಯುವ ಮಾಲಿನ್ಯಕಾರಕಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2013ರಲ್ಲಿ ಸೇರಿದ ರಾಸಾಯನಿಕ ಅದು. ಅಂಥ ಹಲಗೆಯನ್ನು ಕಾಯಿಸುವುದಾಗಲಿ ಉಜ್ಜಿ ಪುಡಿ ಎಬ್ಬಿಸುವುದಾಗಲಿ ಜಾಣತನವಲ್ಲ.

ಇಷ್ಟೆಲ್ಲ ಮಾಡಿದ ಟೆರೇನನ್ನು ನೇರ ಬಿಸಿಲಿನಲ್ಲಿ ಇಡಬಾರದೆಂದು ಬೇರೆ ಹೇಳಬೇಕಿಲ್ಲ. ನೇರಳಾತೀತ ಕಿರಣಕ್ಕೆ ಪಾಲಿಸ್ಟೈರೀನ್ ಹಳದಿಗಟ್ಟಿ ಪುಡಿಯಾಗುತ್ತದೆ. ಪೆಟ್ಟು ಹೆಚ್ಚು ತಿನ್ನುವ ತುಂಡುಗಳಿಗೆ, ಉದಾಹರಣೆಗೆ ಬೆಟ್ಟದ ಹಾದಿಯ ಮೇಲೆ ಹಾಸುವ ತೆಳುಪದರಕ್ಕೆ, ಒತ್ತಿದರೆ ಮತ್ತೆ ಪುಟಿದೇಳುವ ಇವಿಎ ಫೋಮ್ ಬಳಸುವುದು ಇನ್ನೂ ಉತ್ತಮ.

ಆದ್ದರಿಂದ ಇಂಥ ಬರಹಗಳನ್ನು ಪ್ರಕಟಿಸುವ ಸಂದರ್ಭ ತಮ್ಮ ಪತ್ರಿಕೆಗೆ ಬಂದಾಗ, ಬಳಸಿದ ಫೋಮ್ ಯಾವ ಬಗೆಯದು, ಅದರ ಮೇಲಿನ ಕವಚ ಏನು, ಕತ್ತರಿಸುವಾಗ ತೆಗೆದುಕೊಂಡ ಮುನ್ನೆಚ್ಚರಿಕೆ ಯಾವುದು ಎಂಬ ವಿವರಗಳನ್ನು ಲೇಖಕರಿಂದ ಕೇಳಿ ಪಡೆಯಬೇಕೆಂದು ಕೋರುತ್ತೇನೆ. ಬಣ್ಣ ಒಣಗಿದ ದಿನ ತೆಗೆದ ಛಾಯಾಚಿತ್ರದ ಪಕ್ಕದಲ್ಲಿ ಅದೇ ತುಂಡು ಒಂದು ವರ್ಷ ಆಟಕ್ಕೆ ಬಳಕೆಯಾದ ಮೇಲಿನ ಛಾಯಾಚಿತ್ರವನ್ನೂ ಅಚ್ಚು ಹಾಕಿದರೆ, ಯಾವ ವಿಧಾನವನ್ನು ಅನುಸರಿಸಬೇಕೆಂಬುದನ್ನು ಓದುಗರು ತಾವೇ ತೀರ್ಮಾನಿಸಿಕೊಳ್ಳಬಲ್ಲರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಓದುಗ