ರಶ್ಮಿಗೆ, ಹೊಸ ಮಾತ್ರೆಯ ಬಗ್ಗೆ

ಬಸವನಗುಡಿ, ಬೆಂಗಳೂರು

ಪ್ರೀತಿಯ ರಶ್ಮಿಗೆ ನಿನ್ನ ಪದ್ಮತ್ತೆ ಮಾಡುವ ಆಶೀರ್ವಾದಗಳು.

ಆಕ್ಸಿಮೆಥೋಲೋನ್ 50 ಮಿಲಿಗ್ರಾಂ ಅಂತ ಮಾತ್ರೆಯ ಹೆಸರು ಓದಿ ಹೇಳಿದೆಯಲ್ಲ, ಆಗಲೇ ನಿನ್ನ ದನಿಯಲ್ಲಿ ಭಯ ಕೇಳಿಸಿತು. "ಇದು ಜಿಮ್ ಹುಡುಗರು ತಗೊಳ್ಳೋ ಸ್ಟಿರಾಯ್ಡ್ ಅಂತೆ ಅತ್ತೆ, ನನಗ್ಯಾಕೆ ಕೊಟ್ಟರು?" ಅಂದೆ. ಫೋನಿನಲ್ಲಿ ಎಲ್ಲ ಹೇಳಲು ಆಗಲಿಲ್ಲ. ಇಷ್ಟು ವರ್ಷ ಫಾರ್ಮಸಿಸ್ಟ್ ಆಗಿ ಔಷಧಿ ಅಂಗಡಿಯಲ್ಲಿ ನಿಂತವಳು ನಾನು. ಇಂಥದ್ದನ್ನು ಬರೆದುಕೊಟ್ಟರೇ ನನಗೆ ಸಮಾಧಾನ. ಪ್ರಶಾಂತನಿಗೂ ಓದಲು ಕೊಡು.

ನಿಮ್ಮಜ್ಜಿಗೆ ಉಬ್ಬಸಕ್ಕೆ ಕೊಡುತ್ತಿದ್ದ ಪ್ರೆಡ್ನಿಸೊಲೋನ್ ಕೂಡ ಸ್ಟಿರಾಯ್ಡ್. ಆದರೆ ಅದೇ ಬೇರೆ, ಇದೇ ಬೇರೆ. ಅದನ್ನು ಬಹಳ ಕಾಲ ನುಂಗಿದರೆ ಮೈಯ ಸ್ನಾಯು ಸವೆಯುತ್ತದೆ. ಇದು ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್‌ನ ಜಾತಿಗೆ ಸೇರಿದ್ದು, ಸ್ನಾಯು ಬೆಳೆಸುತ್ತದೆ. ಜಿಮ್‌ನವರಿಗೆ ಬೇಕಾದದ್ದು ಅದು. ನಿನ್ನ ಡಾಕ್ಟರಿಗೆ ಬೇಕಾದದ್ದು ಇದರ ಇನ್ನೊಂದು ಗುಣ. ಎರಿತ್ರೋಪೊಯೆಟಿನ್ ಎಂಬ ಹಾರ್ಮೋನ್ ದೇಹದಲ್ಲಿ ಜಾಸ್ತಿ ತಯಾರಾಗುವ ಹಾಗೆ ಇದು ಮಾಡುತ್ತದೆ. ಆ ಹಾರ್ಮೋನ್ ಮೂಳೆಯೊಳಗಿನ ಮಜ್ಜೆಗೆ ಕೆಂಪು ರಕ್ತಕಣ ತಯಾರಿಸು ಅಂತ ಒತ್ತಾಯ ಮಾಡುತ್ತದೆ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ನಿನ್ನ ಮಜ್ಜೆ ಕೈಚೆಲ್ಲಿ ಕೂತಿರುವುದು ಆ ಕೆಲಸದಲ್ಲೇ ಅಲ್ವಾ? ಕಸಿ ಮಾಡಲು ನಿನ್ನ ಒಡಹುಟ್ಟಿದ ಕಾರ್ತಿಕ್‌ನ ಮಜ್ಜೆ ನಿನಗೆ ಹೊಂದಲಿಲ್ಲ. ಅದಕ್ಕೆ ಅವನು ಕೊರಗುವುದು ಬೇಡ. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಷ್ಟೇ. ಮಜ್ಜೆಯ ಮೇಲೆ ದಾಳಿ ಮಾಡುವ ರೋಗನಿರೋಧಕ ಕಣಗಳನ್ನು ಅಡಗಿಸುವ ಎಟಿಜಿ ಚಿಕಿತ್ಸೆಗೆ ಲಕ್ಷಗಟ್ಟಲೆ ಬೇಕು. ಹಾಗಾಗಿ ಡಾಕ್ಟರು ಯೋಚನೆ ಮಾಡಿಯೇ ಇದನ್ನು ಬರೆದಿದ್ದಾರೆ.

ಇದರ ಫಲ ನಿಧಾನ. ಹಿಮೋಗ್ಲೋಬಿನ್ ಏರಲು 3ರಿಂದ 6 ತಿಂಗಳು ಬೇಕಾಗಬಹುದು. ಅಲ್ಲಿಯವರೆಗೆ ರಕ್ತ ಹಾಕಿಸಿಕೊಳ್ಳುವುದು ತಪ್ಪುವುದಿಲ್ಲ. ಮೊದಲ ತಿಂಗಳು ರಿಪೋರ್ಟ್ ನೋಡಿ "ಏನೂ ಆಗಲಿಲ್ಲ" ಅಂತ ಬಿಟ್ಟುಬಿಡಬೇಡ. ಬೇಗ ಆಗಲಿ ಅಂತ ಎರಡು ನುಂಗಲೂ ಬೇಡ. ಡೋಸನ್ನು ದೇಹದ ತೂಕ ನೋಡಿ, ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿ ಬರೆದಿರುತ್ತಾರೆ. ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಸೇರಿಸಿ ತಗೊಳ್ಳಬೇಡ.

ಇನ್ನು ಲಿವರ್ ವಿಷಯ. ಇದನ್ನು ನಿಧಾನವಾಗಿ ಓದು. ಟೆಸ್ಟೋಸ್ಟೆರಾನ್ ಅನ್ನು ಹಾಗೇ ನುಂಗಿದರೆ ಲಿವರ್ ಅದನ್ನು ಒಡೆದು ಹಾಕುತ್ತದೆ, ರಕ್ತಕ್ಕೆ ಸೇರುವುದೇ ಕಡಿಮೆ. ಅದಕ್ಕೇ ಇಂಥ ಮಾತ್ರೆಗಳನ್ನು ಲಿವರ್ ಸುಲಭವಾಗಿ ಒಡೆಯದ ಹಾಗೆ ರಚನೆ ಬದಲಿಸಿ ಮಾಡಿದ್ದಾರೆ. ಅದರ ಭಾರ ಬೀಳುವುದೂ ಲಿವರ್ ಮೇಲೇ. ಕಾಮಾಲೆ ಬರಬಹುದು. ಅಪರೂಪಕ್ಕೆ ಲಿವರ್‌ನಲ್ಲಿ ಗೆಡ್ಡೆ ಆಗಬಹುದು. ಪೆಲಿಯೋಸಿಸ್ ಅಂತ ಇನ್ನೊಂದಿದೆ. ಲಿವರ್ ಒಳಗೆ ರಕ್ತ ತುಂಬಿದ ಸಣ್ಣ ಚೀಲಗಳಾಗುತ್ತವೆ. ಅದು ಸದ್ದಿಲ್ಲದೆ ಬೆಳೆದು, ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಬೇಗ ಗೊತ್ತಾಗಿ ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಮಾಯವಾಗುತ್ತದೆ. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಡಾಕ್ಟರು ಹೇಳಿದ ದಿನ ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆ, ಮಾಡಿಸಲೇಬೇಕು, "ಆಫೀಸಲ್ಲಿ ರಜೆ ಸಿಗಲಿಲ್ಲ" ಅಂತ ಮುಂದೂಡಬಾರದು, ಅದು ನಿನಗೆ ತಿಳಿಯಲಿ ಅಂತ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಾಂತಿ ನಿಲ್ಲದಿದ್ದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದರೆ, ಮುಂದಿನ ಮಾತ್ರೆ ನುಂಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡು. ಹೊಟ್ಟೆ ನೋವು ಜೋರಾಗಿ ತಲೆ ಸುತ್ತಿದರೆ ಫೋನ್ ಮಾಡುತ್ತಾ ಕೂರಬೇಡ, ನೇರ ಎಮರ್ಜೆನ್ಸಿಗೆ ಹೋಗು.

ನಮ್ಮ ಮನೆಯವರ ಅಭ್ಯಾಸ ನನಗೆ ಗೊತ್ತು, ಅದಕ್ಕೇ ಇದನ್ನೂ ಹೇಳುತ್ತೇನೆ. ನಿಮ್ಮಮ್ಮ ಕಷಾಯ ಕಾಯಿಸಿಕೊಡುತ್ತಾರೆ. ಈಗ ಬೇಡ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ತಗೊಂಡು ಲಿವರ್‌ಗೆ ಪೆಟ್ಟಾದವರ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ನಾಟಿ ಔಷಧಿ, ಲೇಹ್ಯ, ಜಿಮ್ ಪೌಡರ್, ಏನೇ ಇರಲಿ, ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡ. ಮದ್ಯ ಅಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಎಲ್ಲದಕ್ಕೂ ಡೋಲೋ ನುಂಗುತ್ತಾರಲ್ಲ, ಅದನ್ನೂ ಸುಮ್ನೆ ನುಂಗಬೇಡ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನಿನಗೆ ಕಡಿಮೆ ಇದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ಆಸ್ಪತ್ರೆಗೆ ಹೋಗಬೇಕಾದ ಜ್ವರ, ರಾತ್ರಿ ಎರಡು ಗಂಟೆಯಾದರೂ ಸರಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಬೆಳಗಿನವರೆಗೆ ಕಾಯುವುದು ಅಪಾಯ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳೂ ಆಗವು.

ಇದು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಪಾದದ ಗಂಟು ಊದಿಕೊಂಡರೆ ಹೇಳು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡು. ಒಳ್ಳೆಯ ಕೊಲೆಸ್ಟ್ರಾಲ್ ಇಳಿಸುತ್ತದೆ, ಕೆಟ್ಟದ್ದನ್ನು ಏರಿಸುತ್ತದೆ, ಹಾಗಾಗಿ ಆ ಟೆಸ್ಟೂ ಬರೆಯುತ್ತಾರೆ.

ಹೆಂಗಸರಿಗೆ ಆಗುವ ತೊಂದರೆಗಳನ್ನು ಡಾಕ್ಟರ ಮುಂದೆ ಹೇಳಲು ನೀನು ನಾಚಿಕೊಳ್ಳುತ್ತೀಯ ಅಂತ ನನಗೆ ಚಿಂತೆ. ಮೊಡವೆ ಏಳಬಹುದು, ಗದ್ದದಲ್ಲಿ, ಮೇಲ್ತುಟಿಯಲ್ಲಿ ಕೂದಲು ಬರಬಹುದು, ಮುಟ್ಟು ಏರುಪೇರಾಗಬಹುದು, ಗುಪ್ತಾಂಗದಲ್ಲಿ ಬದಲಾವಣೆ ಆಗಬಹುದು. ಗಂಟಲು ಒಡೆದ ಹಾಗಾಗಿ ಧ್ವನಿ ದಪ್ಪವಾಗಬಹುದು. ಇದರಲ್ಲಿ ಧ್ವನಿ ಬದಲಾದದ್ದು ಮಾತ್ರೆ ಬಿಟ್ಟ ಮೇಲೂ ಮರಳದೇ ಇರಬಹುದು. ಅದಕ್ಕೇ "ಶೀತ ಆಗಿರಬೇಕು" ಅಂತ ಸುಮ್ಮನಿರಬೇಡ, ಗಂಟಲು ಒಡೆದ ವಾರವೇ ಹೇಳು. ಶುರುವಿನಲ್ಲೇ ಹೇಳಿದರೆ ಡಾಕ್ಟರು ಮಾತ್ರೆ ನಿಲ್ಲಿಸಿ ಬೇರೆ ದಾರಿ ನೋಡುತ್ತಾರೆ. ನಾಚಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಅವರ ಕೈಗೆ ಕೊಡು.

ಮಗುವಿನ ಆಸೆ ನಿಮ್ಮಿಬ್ಬರಿಗೂ ಎಷ್ಟಿದೆ ಅಂತ ನನಗೆ ಗೊತ್ತು ಮಗಳೇ. ಆದರೆ ಈ ಮಾತ್ರೆ ನಡೆಯುತ್ತಿರುವಾಗ ಗರ್ಭ ನಿಲ್ಲಬಾರದು. ಹೊಟ್ಟೆಯಲ್ಲಿ ಹೆಣ್ಣು ಮಗುವಿದ್ದರೆ ಅದರ ಅಂಗಗಳು ಗಂಡಿನ ಥರ ಬದಲಾಗಬಹುದು. ಗರ್ಭ ನಿಲ್ಲದಿರಲು ಯಾವ ವಿಧಾನ ಸರಿ ಅಂತ ಪ್ರಶಾಂತನನ್ನು ಕರೆದುಕೊಂಡು ಹೋಗಿ ಡಾಕ್ಟರನ್ನೇ ಕೇಳು. ಮುಟ್ಟು ಒಂದು ವಾರ ತಡವಾದರೂ ಟೆಸ್ಟ್ ಮಾಡು. ಮುಟ್ಟು ಏರುಪೇರಾಗುವುದು ಔಷಧಿಯಿಂದಲೇ ಅಂದುಕೊಂಡು ಬಿಟ್ಟುಬಿಡುವುದೇ ಇಲ್ಲಿ ದೊಡ್ಡ ಅಪಾಯ.

ಈಗ ಕಾರ್ತಿಕ್ ವಿಷಯ. ನಿನಗೆ ಔಷಧಿ ತಂದುಕೊಡುವವನು ಅವನು. ಜಿಮ್‌ಗೂ ಹೋಗುತ್ತಾನೆ. ಅವನ ಮೇಲೆ ನನಗೆ ಅನುಮಾನ ಇಲ್ಲ, ಒಳ್ಳೆ ಹುಡುಗ. ಆದರೆ ಈ ಮಾತ್ರೆಗೆ ಜಿಮ್‌ಗಳಲ್ಲಿ ಎಂಥ ಬೇಡಿಕೆ ಇದೆ ಅಂತ ಅಂಗಡಿಯಲ್ಲಿ ನಿಂತವರಿಗೆ ಗೊತ್ತು. ಚೀಟಿ ಇಲ್ಲದೆ ಬಂದು, "ಆಂಟಿ, ಫ್ರೆಂಡ್‌ಗೆ ಬೇಕು" ಅಂತ ಗೋಗರೆಯುವ ಹುಡುಗರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಇಪ್ಪತ್ತು ದಾಟದ ಮಕ್ಕಳಿಗೆ ಇದನ್ನು ಮಾರುವ ಟ್ರೇನರ್‌ಗಳ ಮೇಲೆ ನನಗೆ ಸಿಟ್ಟು ಇಳಿಯುವುದೇ ಇಲ್ಲ.

ಕಾರ್ತಿಕ್‌ಗೆ ಇದನ್ನು ಓದಿ ಹೇಳು. ಹೊರಗಿನಿಂದ ಈ ಹಾರ್ಮೋನ್ ಬಂದರೆ, ಮೆದುಳು ದೇಹದ ಸ್ವಂತ ಹಾರ್ಮೋನ್ ತಯಾರಿಯನ್ನು ನಿಲ್ಲಿಸುತ್ತದೆ. ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಗಂಡಸರಿಗೆ ಎದೆ ಬೆಳೆಯಬಹುದು. ಬಿಟ್ಟ ಮೇಲೆ ದೇಹ ಮೊದಲಿನಂತಾಗಲು ತಿಂಗಳುಗಟ್ಟಲೆ ಬೇಕು. ಆ ಸಮಯದಲ್ಲಿ ಮನಸ್ಸು ಕುಗ್ಗಿ ಹೋಗುವವರೂ ಇದ್ದಾರೆ. ಎತ್ತರ ಇನ್ನೂ ಬೆಳೆಯುತ್ತಿರುವ ಹುಡುಗರಿಗೆ ಮೂಳೆಯ ತುದಿ ಬೇಗ ಮುಚ್ಚಿಕೊಂಡು ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿ ಗೆದ್ದ ಬೆನ್ ಜಾನ್ಸನ್ ಚಿನ್ನ ಕಳೆದುಕೊಂಡದ್ದು ಸ್ಟಾನೊಜೊಲಾಲ್‌ನಿಂದ. ಅದೂ ಇದೇ ಜಾತಿಯ ಸ್ಟಿರಾಯ್ಡ್. ನೀನು ನುಂಗುವುದಕ್ಕೂ ಜಿಮ್ ಹುಡುಗರು ನುಂಗುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ನಿನಗೆ ಇದು ಬೇಕೇ ಬೇಕು, ಮತ್ತು ನಿನ್ನ ಲಿವರ್, ನಿನ್ನ ರಕ್ತ, ನಿನ್ನ ಧ್ವನಿಯ ಮೇಲೆ ಒಬ್ಬರ ಕಣ್ಣಿದೆ. ಅವರ ಮೇಲೆ ಯಾರ ಕಣ್ಣೂ ಇಲ್ಲ. ಬಾಟಲಿಯೊಳಗೆ ಇರುವುದು ನಿಜಕ್ಕೂ ಏನು ಅಂತಲೂ ಅವರಿಗೆ ಗೊತ್ತಿರುವುದಿಲ್ಲ.

ಸ್ಟ್ರಿಪ್‌ಗಳನ್ನು ಬೀರುವಿನಲ್ಲಿ ಬೀಗ ಹಾಕಿಡು. ಚೀಟಿಯ ಫೋಟೋ ಯಾವ ಗ್ರೂಪಿಗೂ ಹಾಕಬೇಡ. ಅಂಗಡಿಯಲ್ಲಿ ತಗೊಳ್ಳುವಾಗ ಬಿಲ್ ಕೇಳು, ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರ್, ಅವಧಿ ನೋಡು. ಡಾಕ್ಟರು ಮಾತ್ರೆ ನಿಲ್ಲಿಸಿದ ದಿನ ಉಳಿದದ್ದನ್ನು ನನಗೆ ತಂದುಕೊಡು, ಯಾರಿಗೂ ಕೊಡಬೇಡ.

ಮುಂದಿನ ರಕ್ತ ಪರೀಕ್ಷೆ ಸೋಮವಾರ ಅಂದೆಯಲ್ಲ, ಬೆಳಿಗ್ಗೆ ಏಳಕ್ಕೆ ನಿಮ್ಮ ಮನೆಗೆ ಬರುತ್ತೇನೆ, ಒಟ್ಟಿಗೆ ಹೋಗೋಣ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಫೈಲಿಗೆ ಹಾಕಿಟ್ಟಿರು. ಈಗ ಬೇರೆ ಯಾವ ಮಾತ್ರೆ ನಡೆಯುತ್ತಿದ್ದರೂ ಅದನ್ನೂ ಚೀಲದಲ್ಲಿ ಹಾಕಿಕೋ. ಡಾಕ್ಟರಿಗೆ ತೋರಿಸೋಣ.

ನಿನ್ನ,
ಪದ್ಮತ್ತೆ